ಊರ್ಡಿಗೆರೆ ರಸ್ತೆ ರೇಸ್ ಟ್ರ್ಯಾಕ್ ಅಲ್ಲ: ಟರ್ಬೊ ಕಾರಿಗೆ ಕೈ ಹಾಕುವ ಮುನ್ನ ತಿಳಿದಿರಬೇಕಾದ್ದು

ಭಾನುವಾರ ಬೆಳಗ್ಗೆ ಆರೂವರೆಗೆ ನಮ್ಮೂರು ಊರ್ಡಿಗೆರೆಯಲ್ಲಿ ಯಾರಿಗೂ ಅಲಾರಂ ಬೇಕಾಗಲ್ಲ. ಡಾಬಸ್‌ಪೇಟೆಯಲ್ಲಿ ಹೈವೇ ಬಿಟ್ಟು ದೇವರಾಯನದುರ್ಗದ ಕಡೆ ಹೊರಟ ಕಾರು, ಬೈಕುಗಳ ಸದ್ದಿಗೇ ಎಚ್ಚರ ಆಗುತ್ತೆ. ಸುಯ್ ಅಂತ ಒಂದು ಶಬ್ದ, ಆಮೇಲೆ ಫುಸ್, ಅದರ ಹಿಂದೆ ಪಟಾಕಿ ಸರ ಹೊಡೆದ ಹಾಗೆ ಪಟಪಟ. ಅದೇ ಹೊತ್ತಿಗೆ ನಮ್ಮಪ್ಪ ಟಿವಿಎಸ್ ಎಕ್ಸೆಲ್‌ನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೊರಟಿರುತ್ತಾರೆ. ಅದೇ ರಸ್ತೆ.

ನಾನು ಆ ಸದ್ದನ್ನು ಬೈಯುವವರ ಪೈಕಿ ಅಲ್ಲ. ಮೂರು ವರ್ಷದ ಹಿಂದೆ ಆ ಸದ್ದು ಮಾಡುತ್ತಿದ್ದವನೇ ನಾನು. ಬೆಂಗಳೂರಲ್ಲಿ ಕೆಲಸ, ವಾರಕ್ಕೊಮ್ಮೆ ಊರು, ಉಳಿಸಿದ ದುಡ್ಡಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಒಂದು ಲೀಟರ್ ಚಿಲ್ಲರೆಯ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್. ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರು ನಮ್ಮಂಥವರ ಮಾತಲ್ಲ. ನಮಗೆ ಎಟುಕುವ ಸ್ಪೋರ್ಟ್ಸ್ ಕಾರು ಅಂದ್ರೆ ಇಂಥ ಟರ್ಬೊ ಹ್ಯಾಚ್‌ಬ್ಯಾಕುಗಳೇ. ಬೆಲೆ ಬೇರೆಯಾದರೂ ಒಳಗಿನ ವಿಜ್ಞಾನ ಒಂದೇ, ತಪ್ಪಿದರೆ ಆಗುವ ಅನಾಹುತವೂ ಒಂದೇ.

ಮೂವತ್ತು ಸಾವಿರ ಚಿಲ್ಲರೆ ಕೊಟ್ಟು ಎಂಜಿನ್ ರೀಮ್ಯಾಪ್ ಮಾಡಿಸಿದೆ. ಸೈಲೆನ್ಸರ್ ಬದಲಾಯಿಸಿದೆ. ಮುಂದಿನ ಭಾನುವಾರ ದುರ್ಗ ಹತ್ತಿದೆ, ಇಳಿಯುವಾಗಲೂ ಹಾಗೇ ಬಿಟ್ಟೆ. ಐದಾರು ತಿರುವು ಕಳೆದ ಮೇಲೆ ಬ್ರೇಕ್ ಪೆಡಲ್ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಮುಂದಿನ ತಿರುವಲ್ಲಿ ರಸ್ತೆ ತುಂಬ ಕುರಿ ಮಂದೆ. ಎರಡನೇ ಗೇರಿಗೆ ಎಳೆದು, ಪೆಡಲನ್ನು ಮತ್ತೆ ಮತ್ತೆ ಒತ್ತಿ, ಎಡಗಡೆ ಮಣ್ಣಿನ ಅಂಚಿಗೆ ಕಾರನ್ನು ಉಜ್ಜಿ ನಿಲ್ಲಿಸಿದೆ. ಕೊನೆಯ ಕುರಿಗೂ ನನ್ನ ಬಂಪರಿಗೂ ಒಂದು ಮಾರು ಅಂತರ. ಕುರಿ ಕಾಯುತ್ತಿದ್ದ ತಾತ ಬೈಯಲಿಲ್ಲ, ಹೊಡೆಯಲೂ ಇಲ್ಲ. ಹತ್ತಿರ ಬಂದು ಕೇಳಿದ್ದು ಇಷ್ಟೇ: "ಏನ್ ಮಗ, ನಿನ್ ಗಾಡಿಗೆ ಓಡಕ್ಕೆ ಮಾತ್ರ ಹೇಳ್ಕೊಟ್ಟವ್ರಾ? ನಿಲ್ಲಕ್ಕೆ ಹೇಳ್ಕೊಟ್ಟಿಲ್ವಾ?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಅರ್ಧ ಉತ್ತರ ಗ್ಯಾರೇಜಿನಲ್ಲಿದೆ, ಇನ್ನರ್ಧ ಕಾನೂನಿನಲ್ಲಿದೆ.

ಟರ್ಬೊ ಅಂದ್ರೆ ಏನು?

ಎಂಜಿನ್ನಿಗೆ ಶಕ್ತಿ ಬರೋದು ಗಾಳಿ ಮತ್ತು ಪೆಟ್ರೋಲ್ ಸೇರಿ ಉರಿಯೋದರಿಂದ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಗಾಳಿ ಬೇಕು. ಅದಕ್ಕೆ ಮೊದಲೆಲ್ಲ ದೊಡ್ಡ ಎಂಜಿನ್ ಕೂರಿಸುತ್ತಿದ್ದರು. ಟರ್ಬೊ ಸಣ್ಣ ಎಂಜಿನ್ನಿಗೇ ಗಾಳಿಯನ್ನು ಒತ್ತಿ ತುಂಬಿಸುತ್ತದೆ. ಸೈಲೆನ್ಸರಿನ ದಾರಿಯಲ್ಲಿ ಸುಮ್ಮನೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಗೆ ತಳ್ಳುತ್ತದೆ.

ಈ ಚಕ್ರಗಳು ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಬದಿಯ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಇನ್ನೊಂದು ಬದಿಯಲ್ಲಿ ಹೊರಗಿನ ಮಾಮೂಲಿ ಗಾಳಿ. ಇವೆರಡರ ನಡುವಿನ ದಂಡವನ್ನು ಹಿಡಿದಿರೋದು ಎಂಜಿನ್ ಆಯಿಲ್‌ನ ಒಂದು ತೆಳು ಪದರ. ಆ ಪದರ ಹಾಳಾದರೆ ಟರ್ಬೊ ಕಥೆ ಮುಗೀತು. ಒತ್ತಿದ ಗಾಳಿ ಬಿಸಿಯಾಗುತ್ತೆ, ಬಿಸಿ ಗಾಳಿ ಹಿಗ್ಗಿ ತೆಳುವಾಗುತ್ತೆ. ಅದನ್ನು ತಣಿಸಲು ದಾರಿಯಲ್ಲಿ ಇಂಟರ್‌ಕೂಲರ್ ಅನ್ನೋ ರೇಡಿಯೇಟರ್ ತರದ ಪೆಟ್ಟಿಗೆ ಇರುತ್ತದೆ. ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಬೇರೆ ದಾರಿಗೆ ಬಿಡುವ ಬಾಗಿಲು ಇನ್ನೊಂದು. ಅದು ವೇಸ್ಟ್‌ಗೇಟ್.

ಹೀಗಾಗಿ ಟರ್ಬೊ ಕಾರಿನ ಆರೈಕೆ ಅಂದ್ರೆ ಮುಖ್ಯವಾಗಿ ಬಿಸಿಯ ಆರೈಕೆ.

ರೀಮ್ಯಾಪ್ ಮಾಡಿಸಿದಾಗ ಬದಲಾಗೋದೇನು?

ಎಷ್ಟು ಒತ್ತಡ, ಎಷ್ಟು ಪೆಟ್ರೋಲ್, ಯಾವ ಗಳಿಗೆಯಲ್ಲಿ ಕಿಡಿ ಅನ್ನೋದನ್ನು ಕಾರಿನ ಕಂಪ್ಯೂಟರ್ ಕೋಷ್ಟಕ ನೋಡಿ ನಿರ್ಧಾರ ಮಾಡುತ್ತೆ. ಆ ಕೋಷ್ಟಕವನ್ನು ತಿದ್ದೋದೇ ರೀಮ್ಯಾಪ್. ಬೇರೆ ಏನೂ ಬಿಚ್ಚದೆ, ಬರೀ ಲ್ಯಾಪ್‌ಟಾಪ್ ಸಿಕ್ಕಿಸಿ, ಸಣ್ಣ ಟರ್ಬೊ ಎಂಜಿನ್ನಿನಿಂದ ಶೇ. 20ರಿಂದ 30ರಷ್ಟು ಹೆಚ್ಚು ಶಕ್ತಿ ತೆಗೆಯಬಹುದು. ಅಷ್ಟು ಸುಲಭ ಆಗಿರೋದೇ ತೊಂದರೆ.

ಯಾಕಂದ್ರೆ ಕಂಪನಿ ಆ ಶಕ್ತಿಯನ್ನು ದಡ್ಡತನದಿಂದ ಬಿಟ್ಟಿರೋದಿಲ್ಲ. ಮೇ ತಿಂಗಳ ರಾಯಚೂರಿನ ಬಿಸಿಲು, ಸಿಕ್ಕ ಬಂಕಿನ ಪೆಟ್ರೋಲ್, ಸರ್ವಿಸ್ ಮರೆಯುವ ಮಾಲೀಕ, ಇವೆಲ್ಲಕ್ಕೂ ಸೇರಿಸಿ ಅಂಚು ಇಟ್ಟಿರುತ್ತದೆ. ರೀಮ್ಯಾಪ್ ಆ ಅಂಚನ್ನು ತಿನ್ನುತ್ತದೆ. ಒತ್ತಡ ಜಾಸ್ತಿಯಾದಾಗ ಕಿಡಿ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಉಳಿದ ಇಂಧನ ತಾನಾಗಿ ಸಿಡಿಯಬಹುದು. ಮೆಕ್ಯಾನಿಕ್‌ಗಳು "ನಾಕ್ ಹೊಡೀತಿದೆ" ಅನ್ನೋದು ಇದಕ್ಕೇ. ಅದು ಮುಂದುವರಿದರೆ ಪಿಸ್ಟನ್ ಒಡೆಯುತ್ತೆ. ಅದಕ್ಕೆ ಮೊದಲೇ ಗೇರ್‌ಬಾಕ್ಸ್ ಅಥವಾ ಕ್ಲಚ್ ಕೈ ಕೊಡಬಹುದು. ಎಂಜಿನ್ ತಡೆದುಕೊಂಡ ಬಲವನ್ನು ಅವೂ ತಡೆಯಬೇಕು ಅಂತೇನಿಲ್ಲ.

ಇನ್ನು ಆ ಸದ್ದುಗಳು. "ಫುಸ್" ಅನ್ನೋದು ಬ್ಲೋ-ಆಫ್ ವಾಲ್ವ್. ಕಾಲು ತೆಗೆದಾಗ ಒತ್ತಿದ ಗಾಳಿಯನ್ನು ಕಂಪನಿಯ ವಾಲ್ವ್ ಮತ್ತೆ ಒಳದಾರಿಗೇ ಬಿಡುತ್ತದೆ. ಸದ್ದಿಗಾಗಿ ಅದನ್ನು ಹೊರಗೆ ಬಿಡಿಸಿದರೆ, ಅನೇಕ ಕಾರುಗಳಲ್ಲಿ ಕಂಪ್ಯೂಟರ್ ಆಗಲೇ ಲೆಕ್ಕ ಹಾಕಿದ್ದ ಗಾಳಿ ಇಲ್ಲವಾಗಿ ಪೆಟ್ರೋಲ್ ಹೆಚ್ಚಾಗುತ್ತೆ. "ಪಟಪಟ" ಅನ್ನೋದು ಸೈಲೆನ್ಸರ್ ದಾರಿಯಲ್ಲಿ ಇಂಧನ ಉರಿಯುವ ಸದ್ದು. ಅದರ ಬಿಸಿ ಟರ್ಬೊಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ಬಡಿಯುತ್ತೆ. ಕೆಲವರು ಈ ಕನ್ವರ್ಟರನ್ನೇ ಕಿತ್ತು ಹಾಕುತ್ತಾರೆ. ಒಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಬಳಿದಿರುವ, ಕಾರ್ಬನ್ ಮಾನಾಕ್ಸೈಡ್‌ನಂಥ ವಿಷವನ್ನು ತಗ್ಗಿಸುವ ಭಾಗ ಅದು. ಅದನ್ನು ಕಿತ್ತವನ ಕಾರಿನ ಹೊಗೆ ಕುಡಿಯೋದು ಹಿಂದಿನ ಸ್ಕೂಟರ್‌ನವನು.

ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಕುರಿ ಮಂದೆ ತಪ್ಪಿದ ಮಾರನೇ ದಿನ ತುಮಕೂರಿನ ಶಿರಾ ಗೇಟ್ ಕಡೆ ನನಗೆ ಗೊತ್ತಿರುವ ಗ್ಯಾರೇಜಿಗೆ ಹೋದೆ. ಅಲ್ಲಿನ ಅಣ್ಣ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ತಿಳಿ ಬಣ್ಣದಲ್ಲಿರಬೇಕಾದದ್ದು ಕಾಫಿ ಡಿಕಾಕ್ಷನ್ ತರ ಇತ್ತು. "ಯಾವಾಗ ಚೇಂಜ್ ಮಾಡ್ಸಿದ್ರಿ?" ಅಂದರು. ಕಾರು ಕೊಂಡ ಮೇಲೆ ಒಮ್ಮೆಯೂ ಇಲ್ಲ. ಹೊಸ ಆಯಿಲ್‌ಗೆ ಆರುನೂರು ರೂಪಾಯಿ ಆಗಲಿಲ್ಲ. ಮೂವತ್ತು ಸಾವಿರ ಓಡಲಿಕ್ಕೆ ಖರ್ಚು ಮಾಡಿದ್ದೆ, ನಿಲ್ಲಲಿಕ್ಕೆ ಆರುನೂರು ಕೊಟ್ಟಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಅಂಶವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ನೀರು ಸೇರಿದ ಮೇಲೆ ಅದೇ ಆಯಿಲಿನ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಆಯಿಲ್ ಕುದಿಯುತ್ತೆ, ಕುದಿದರೆ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಬಹುದು, ಆದರೆ ಅದು ಒತ್ತಡವನ್ನು ಚಕ್ರಕ್ಕೆ ದಾಟಿಸಲ್ಲ. ಅದೇ ನನ್ನ ಸ್ಪಂಜಿನ ಪೆಡಲ್.

ಇನ್ನೊಂದು ಲೆಕ್ಕವೂ ಇದೆ. ಕಾರಿನ ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗಕ್ಕಿಂತ 80ರಲ್ಲಿ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.8 ಪಟ್ಟು, 120ರಲ್ಲಿ ನಾಲ್ಕು ಪಟ್ಟು. 80ರಲ್ಲಿ ಹೋಗುವವನು ಅಪಾಯ ಕಂಡು ಪೆಡಲ್ ಮೇಲೆ ಕಾಲಿಡಲು ಒಂದು ಸೆಕೆಂಡ್ ತೆಗೆದುಕೊಂಡರೂ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿಯುವ ಮೊದಲೇ.

ಹಾಗಾಗಿ ಆ ಅಣ್ಣ ನನಗೆ ಹೇಳಿಕೊಟ್ಟ ಅನುಕ್ರಮ ಇದು. ನಾನು ಯಾರಿಗಾದರೂ ಹೇಳೋದೂ ಇದನ್ನೇ.

ಮೊದಲು ಬ್ರೇಕ್. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾವಣೆ, ಗಟ್ಟಿಯಾಗಿ ಓಡಿಸುವವರಿಗೆ ವರ್ಷಕ್ಕೊಮ್ಮೆ. ಪ್ಯಾಡ್ ದಪ್ಪ, ಡಿಸ್ಕ್ ಬಿರುಕು, ರಬ್ಬರ್ ಪೈಪುಗಳ ತಪಾಸಣೆ.

ಆಮೇಲೆ ಟೈರ್. ರಸ್ತೆಯನ್ನು ಮುಟ್ಟಿರೋದು ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತೆ. 2319 ಅಂತ ಇದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕಿಲೋಮೀಟರ್ ಮೀಟರ್ ನೋಡುವ ಮೊದಲು ಇದನ್ನು ನೋಡಿ. ಗುಂಡಿ ಎಷ್ಟೇ ಆಳ ಇರಲಿ, ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಟ್ಟಿರುತ್ತದೆ.

ಮೂರನೆಯದು ಎಂಜಿನ್ ಆಯಿಲ್ ಮತ್ತು ತಂಪು. ಕಂಪನಿ ಪುಸ್ತಕದಲ್ಲಿ ಬರೆದ ದರ್ಜೆಯದೇ ಆಯಿಲ್. ಅವಧಿ ಮಾತ್ರ ಬೇಗ ಮಾಡಿಕೊಳ್ಳಿ. 15,000 ಕಿ.ಮೀ.ಗೆ ಅಂತ ಇದ್ದರೂ ನಾನು 7,000ಕ್ಕೆ ಬದಲಾಯಿಸುತ್ತೇನೆ. ಘಾಟಿ ಹತ್ತಿದ ಮೇಲೆ ಕಾರನ್ನು ತಟ್ಟನೆ ಆಫ್ ಮಾಡಬೇಡಿ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ, ಇಲ್ಲವೇ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಿ. ಎಂಜಿನ್ ನಿಂತರೆ ಆಯಿಲ್ ಹರಿಯೋದು ನಿಲ್ಲುತ್ತೆ, ಕೆಂಪಗೆ ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸೀದು ಕರಿ ಕಟ್ಟುತ್ತೆ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಚಚ್ಚೋದೂ ಅಷ್ಟೇ ತಪ್ಪು.

ನಾಲ್ಕನೆಯದು ಏರ್ ಫಿಲ್ಟರ್. ನಮ್ಮ ಕಡೆಯ ಮಣ್ಣುದಾರಿಯ ಧೂಳಿನಲ್ಲಿ ಬಾನೆಟ್ಟಿನೊಳಗೆ ತೆರೆದಿಡುವ ಗುಂಡನೆ ಫಿಲ್ಟರ್ ಹಾಕೋದು ಕಾಸು ಕೊಟ್ಟು ಕಾಯಿಲೆ ತಂದ ಹಾಗೆ. ಎಂಜಿನ್ನಿನ ಬಿಸಿ ಗಾಳಿಯನ್ನೇ ಅದು ಎಳೆಯುತ್ತೆ. ಫಿಲ್ಟರ್ ದಾಟಿದ ಧೂಳು ಲಕ್ಷ ಸುತ್ತು ತಿರುಗುವ ರೆಕ್ಕೆಗಳನ್ನು ಸವೆಸುತ್ತೆ. ಕಂಪನಿಯ ಪೆಟ್ಟಿಗೆಯೊಳಗಿನ ಪೇಪರ್ ಫಿಲ್ಟರನ್ನೇ ಬೇಗ ಬೇಗ ಬದಲಾಯಿಸಿದರೆ ಸಾಕು.

ಇಷ್ಟೂ ಆದ ಮೇಲೆ ದುಡ್ಡು ಉಳಿದಿದ್ದರೆ, ಕಾನೂನು ಒಪ್ಪಿದರೆ, ಆಗ ಶಕ್ತಿಯ ಮಾತು.

ಇ20 ಪೆಟ್ರೋಲ್ ಇದರಲ್ಲಿ ಎಲ್ಲಿ ಬರುತ್ತೆ?

ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಆಮೇಲೆ ಅದರ ಬಗ್ಗೆ ನಡೆದ ಜಗಳ ನಿಮಗೆಲ್ಲ ಗೊತ್ತಿದೆ. ಟರ್ಬೊ ಕಾರಿನ ಮಟ್ಟಿಗೆ ಇದು ಒಂದೇ ಮುಖದ ವಿಷಯ ಅಲ್ಲ.

ಎಥೆನಾಲ್‌ಗೆ ನಾಕ್ ತಡೆಯುವ ಗುಣ ಜಾಸ್ತಿ. ಆವಿಯಾಗುವಾಗ ಒಳಗಿನ ಗಾಳಿಯನ್ನೂ ತಣಿಸುತ್ತೆ. ಅದಕ್ಕೇ ರೇಸಿಂಗ್‌ನಲ್ಲಿ ಇದನ್ನು ಇಷ್ಟಪಡುವವರಿದ್ದಾರೆ. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಪೂರ್ತಿ ಉರಿಯಲು ಒಂದು ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಬೇಕಾದರೆ ಎಥೆನಾಲ್‌ಗೆ 9 ಕೆ.ಜಿ. ಸಾಕು. ಅಂದ್ರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹಳೆಯ ಪೆಟ್ರೋಲ್ ಲೆಕ್ಕದಲ್ಲಿ ಅಂಚಿಗೆ ಎಳೆದು ಬರೆದ ರೀಮ್ಯಾಪ್ ಇದ್ದರೆ ಇಂಜೆಕ್ಟರ್, ಪಂಪ್‌ಗಳಿಗೆ ಉಸಿರಾಡಲು ಜಾಗ ಇರಲ್ಲ. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಎಥೆನಾಲ್‌ಗಾಗಿ ಮಾಡಿರೋದೂ ಇಲ್ಲ. ಹಾಗಾಗಿ ಹಳೆಯ ಟರ್ಬೊ ಕಾರಿನವರು ಇಂಧನದ ಪೈಪುಗಳನ್ನು ಸರ್ವಿಸ್‌ನಲ್ಲಿ ಕೇಳಿ ನೋಡಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಳ್ಳಬಾರದು.

ಟ್ರ್ಯಾಕಿಗೆ ಒಳ್ಳೆಯದು ರಸ್ತೆಗೆ ಕೆಟ್ಟದ್ದು

ಒಂದೇ ಕಾರನ್ನು ರಸ್ತೆಗೂ ಟ್ರ್ಯಾಕಿಗೂ ಸಜ್ಜು ಮಾಡ್ತೀನಿ ಅನ್ನೋರು ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಇವೆರಡರ ಬೇಡಿಕೆಗಳು ಪರಸ್ಪರ ವಿರುದ್ಧ.

ಟ್ರ್ಯಾಕಿನ ಬ್ರೇಕ್ ಪ್ಯಾಡ್ ಬಿಸಿಯಾದಾಗ ಅದ್ಭುತವಾಗಿ ಹಿಡಿಯುತ್ತೆ. ತಣ್ಣಗಿದ್ದಾಗ ಅಷ್ಟು ಹಿಡಿಯಲ್ಲ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ಸರ್ಕಲ್‌ನಲ್ಲಿ ಮಗು ಅಡ್ಡ ಬಂದರೆ ಆ ಪ್ಯಾಡ್ ನಿಮ್ಮನ್ನು ಕಾಪಾಡಲ್ಲ. ಟ್ರ್ಯಾಕಿನ ಮೃದು ಟೈರಿನಲ್ಲಿ ನೀರು ಹೊರದಬ್ಬುವ ಗುಂಡಿಗಳು ಕಡಿಮೆ, ಮಳೆ ನಿಂತ ರಸ್ತೆಯಲ್ಲಿ ಕಾರು ನೀರಿನ ಮೇಲೆ ತೇಲುತ್ತೆ. ಗಟ್ಟಿ, ಗಿಡ್ಡ ಸ್ಪ್ರಿಂಗ್ ನಯವಾದ ಟ್ರ್ಯಾಕಿನಲ್ಲಿ ಕಾರನ್ನು ನೆಲಕ್ಕೆ ಅಂಟಿಸುತ್ತೆ. ನಮ್ಮ ಹಳ್ಳಿ ರಸ್ತೆಯ ಗುಂಡಿಯಲ್ಲಿ ಅದೇ ಸ್ಪ್ರಿಂಗ್ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತೆ. ಹೇಳದೆ ಕೇಳದೆ ಬರುವ ಹಂಪ್‌ಗಳ ಕಥೆ ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿನ ಸುತ್ತ ಗೋ-ಕಾರ್ಟ್ ಜಾಗಗಳಿವೆ. ಆದರೆ ನಮ್ಮ ಕಡೆಯ ಹುಡುಗರು ಪೂರ್ಣ ಪ್ರಮಾಣದ ಸರ್ಕೀಟ್ ಅಂತ ಹೋಗೋದು ಹೆಚ್ಚಾಗಿ ತಮಿಳುನಾಡಿಗೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದ, ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನದು 3.7 ಕಿ.ಮೀ. ಎರಡೂ ನಮ್ಮೂರಿಂದ ಮುನ್ನೂರೈವತ್ತು ಕಿ.ಮೀ. ಮೀರಿದ ದೂರ. ಕಳೆದ ವರ್ಷ ನಾನು ಕೊಯಮತ್ತೂರಿಗೆ ಒಂದು ಟ್ರ್ಯಾಕ್ ದಿನಕ್ಕೆ ಹೋಗಿಬಂದೆ. ಕಲಿತದ್ದು ಇಷ್ಟು.

ಒಂದು ಸರದಿ ಹದಿನೈದು, ಇಪ್ಪತ್ತು ನಿಮಿಷ. ಮೊದಲ ಸುತ್ತು ಟೈರು, ಆಯಿಲ್ ಬಿಸಿ ಮಾಡಲು. ಕೊನೆಯ ಸುತ್ತು ಎಲ್ಲ ತಣಿಸಲು, ಬ್ರೇಕ್ ಆದಷ್ಟು ಮುಟ್ಟದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕಾದ ಪ್ಯಾಡ್ ಡಿಸ್ಕಿಗೆ ಅಂಟಬಹುದು. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಟೈರಿನ ಗಾಳಿ ಬಿಸಿಗೆ ಏರುತ್ತೆ, ಪ್ರತಿ ಸರದಿ ಆದ ಮೇಲೆ ಅಳೆದು ಸರಿ ಮಾಡಬೇಕು, ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಬೇಕು. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿ ನೋಡಬೇಕು. ಡಿಕ್ಕಿಯಲ್ಲಿ ಜಾಕ್, ನೀರಿನ ಬಾಟಲಿ ಏನೂ ಇರಬಾರದು. ಹೆಲ್ಮೆಟ್ ಕಡ್ಡಾಯ.

ನನ್ನ ಕಾರು ಅಲ್ಲಿ ಎಲ್ಲರಿಗಿಂತ ನಿಧಾನ. ಆದರೆ ತಿರುವಿನಾಚೆ ಕುರಿ ಇಲ್ಲ, ಅಪ್ಪನ ಎಕ್ಸೆಲ್ ಇಲ್ಲ, ಎದುರಿಂದ ಬರುವ ಬಸ್ಸಿಲ್ಲ. ತಪ್ಪು ಮಾಡಿದರೆ ನಾನು ಜಲ್ಲಿ ಹಾಸಿಗೆ ಹೋಗಿ ನಿಲ್ಲುತ್ತೇನೆ. ಆಂಬುಲೆನ್ಸ್ ಮೊದಲೇ ಬಂದು ನಿಂತಿರುತ್ತದೆ. ದುರ್ಗದ ರಸ್ತೆಯಲ್ಲಿ ಇಷ್ಟು ದಿನ ಹುಡುಕುತ್ತಿದ್ದ ಖುಷಿ ಇಲ್ಲಿ ಸಿಕ್ಕಿತು, ಯಾರ ಜೀವವನ್ನೂ ಒತ್ತೆ ಇಡದೆ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ, ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯ 182ಎ ಸೆಕ್ಷನ್, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅನ್ನುತ್ತದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ 190(2)ರಡಿ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದು 189ರಡಿ ಅಪರಾಧ.

ವಿಮೆಯನ್ನೂ ಒಮ್ಮೆ ಓದಿ. ಸಾಮಾನ್ಯ ಕಾರು ಪಾಲಿಸಿಯಲ್ಲಿ ಆಯೋಜಿತ ರೇಸ್, ವೇಗ ಪರೀಕ್ಷೆಗೆ ರಕ್ಷಣೆ ಇರೋದಿಲ್ಲ. ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಇದ್ದರೆ ನಿಮ್ಮ ಕಾರಿನ ಹಾನಿಗೆ ಕ್ಲೇಮ್ ಸಿಗೋದು ಕಷ್ಟ.

ಇಷ್ಟು ಗಟ್ಟಿ ಕಾನೂನಿದ್ದರೂ ಭಾನುವಾರದ ಸದ್ದು ಯಾಕೆ ನಿಂತಿಲ್ಲ? ಯಾಕಂದ್ರೆ ಕಾನೂನಿಗೆ ಕಾಣೋದು ಸೈಲೆನ್ಸರ್ ಮಾತ್ರ. ಎಮಿಷನ್ ಟೆಸ್ಟಿನಲ್ಲಿ ಕಾರು ನಿಂತಲ್ಲೇ ಓಡುತ್ತಿರುತ್ತದೆ, ಭಾರ ಎಳೆಯೋದಿಲ್ಲ. ರೀಮ್ಯಾಪ್ ಅಲ್ಲಿ ತಲೆ ಎತ್ತೋದೇ ಇಲ್ಲ. ರಸ್ತೆಬದಿಯಲ್ಲಿ ತಡೆದ ಪೊಲೀಸರಿಗೂ ಅದು ಗೊತ್ತಾಗಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬೈಕಿನ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ವಿಡಿಯೋ ನೀವು ನೋಡಿರುತ್ತೀರಿ. ಅಂಥ ಸಾಲಿನಲ್ಲಿ ಐವತ್ತು ಲಕ್ಷದ ಕಾರಿನ ಸೈಲೆನ್ಸರ್ ಇದ್ದದ್ದನ್ನು ನಾನಂತೂ ನೋಡಿಲ್ಲ. ಗ್ಯಾರೇಜ್ ಹುಡುಗನ, ಡೆಲಿವರಿ ಹುಡುಗನ ಬೈಕು ಸಿಕ್ಕಿಬೀಳುತ್ತೆ. ಬಟನ್ ಒತ್ತಿದರೆ ಸದ್ದು ಏರುವ, ಕಂಪನಿಯಿಂದಲೇ ಹಾಗೆ ಬಂದ ದುಬಾರಿ ಕಾರು ಕಾನೂನುಬದ್ಧವಾಗಿ ಮುಂದೆ ಹೋಗುತ್ತೆ. ಇಬ್ಬರ ಸದ್ದಿಗೂ ನಮ್ಮೂರ ಕೂಸು ಎದ್ದು ಅಳೋದು ಒಂದೇ ತರ.

ಆಟೊದವರಿಗೆ ಸಾಧ್ಯವಾದದ್ದು

ಬದಲಾವಣೆಯೇ ಬೇಡ ಅನ್ನೋದು ಸುಲಭದ ವಾದ. ಆದರೆ ಅದೇ 52ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ವಾಹನವನ್ನು ಸಿಎನ್‌ಜಿಯಂಥ ಬೇರೆ ಇಂಧನಕ್ಕೆ ಬದಲಾಯಿಸುವ ಕಿಟ್ ಹಾಕಿಸಬಹುದು. ಕಿಟ್‌ಗೆ ಅನುಮೋದನೆ ಇರಬೇಕು, ಆರ್‌ಟಿಒ ಗಮನಕ್ಕೆ ಬಂದು ಆರ್‌ಸಿಯಲ್ಲಿ ದಾಖಲಾಗಬೇಕು. ಗ್ಯಾಸ್ ಕಿಟ್ ಹಾಕಿಸಿದ ಆಟೊ ಚಾಲಕರು ವರ್ಷಗಳಿಂದ ಈ ದಾರಿಯಲ್ಲಿ ನಡೆದಿದ್ದಾರೆ. 2019ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ವಾಹನಗಳ ಬದಲಾವಣೆಗೆ ಮಾನದಂಡ ಮತ್ತು ಷರತ್ತುಗಳನ್ನು ರೂಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹಾಗೆ ಮಾಡಿದ ಬದಲಾವಣೆಯಿಂದ ತಯಾರಕರ ವಾರಂಟಿ ರದ್ದಾಗದು ಅಂತಲೂ ಹೇಳಿದೆ.

ಜರ್ಮನಿಯಲ್ಲಿ ಇದು ದಿನನಿತ್ಯದ ಕೆಲಸ. ಸ್ಪ್ರಿಂಗ್, ಚಕ್ರ, ಸೈಲೆನ್ಸರ್‌ನಂಥ ಭಾಗಗಳಿಗೆ ಅನುಮೋದನೆ ಪತ್ರ ಇರುತ್ತದೆ, ಬೇಕಾದಲ್ಲಿ ಟ್ಯೂಫ್‌ನಂಥ ತಪಾಸಣಾ ಸಂಸ್ಥೆ ಕಾರನ್ನು ಪರೀಕ್ಷಿಸಿ ದಾಖಲೆಗೆ ಸೇರಿಸುತ್ತದೆ. ಶಕ್ತಿ ಹೆಚ್ಚಿಸಿದ್ದರೆ ಬ್ರೇಕ್ ಅದಕ್ಕೆ ಸಾಲುತ್ತಾ ಅಂತ ಕೇಳುವವರು ಅಲ್ಲಿದ್ದಾರೆ. ನನ್ನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳವನ್ನು ಆ ರೀಮ್ಯಾಪ್‌ಗೆ ಮುಂಚೆ ಯಾರಾದರೂ ಕಡ್ಡಾಯವಾಗಿ ತೆಗೆದು ನೋಡಿದ್ದರೆ ಕುರಿ ಕಾಯುವ ತಾತ ನನ್ನನ್ನು ಭೇಟಿಯಾಗಬೇಕಿರಲಿಲ್ಲ. ಇಲ್ಲಿ ಬದಲಾವಣೆ ಪೂರ್ತಿ ನಿಷಿದ್ಧ. ಹಾಗಾಗಿ ಅದು ಪೂರ್ತಿ ಕತ್ತಲಲ್ಲಿ ನಡೆಯುತ್ತದೆ, ಬಿಲ್ ಇಲ್ಲದೆ, ತಪಾಸಣೆ ಇಲ್ಲದೆ.

"ಇದೆಲ್ಲ ಕಾಸಿದ್ದವರ ಚಟ, ಅದಕ್ಕೆ ಸರ್ಕಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. 2024ರಲ್ಲಿ ಚೆನ್ನೈನ ಬೀದಿಯಲ್ಲಿ ಸರ್ಕಾರದ ನೆರವಿನಿಂದ ಫಾರ್ಮುಲಾ 4 ರೇಸ್ ನಡೆದಾಗಲೂ ಇದೇ ಪ್ರಶ್ನೆ ಎದ್ದು ಹೈಕೋರ್ಟ್‌ವರೆಗೆ ಹೋಗಿತ್ತು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟ್‌ನಲ್ಲಿ 2011ರಿಂದ 2013ರವರೆಗೆ ಮೂರೇ ವರ್ಷ ಫಾರ್ಮುಲಾ 1 ನಡೆದು ನಿಂತದ್ದೂ ನೆನಪಿದೆ. ತುಮಕೂರಿನಲ್ಲಿ ಕೋಟಿಗಟ್ಟಲೆ ಸುರಿದು ಸರ್ಕೀಟ್ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಬಸ್ಸೇ ಸರಿಯಾಗಿ ಬರದ ಹಳ್ಳಿಗಳಿರುವ ಜಿಲ್ಲೆ ನಮ್ಮದು.

ಆದರೆ ಇದು ಕಾರಿನವನ ವಿಷಯ ಮಾತ್ರ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 71ರಷ್ಟು ಸಾವಿಗೆ ಅತಿವೇಗವನ್ನು ಕಾರಣ ಅಂತ ದಾಖಲಿಸಿದ್ದಾರೆ. ದುರ್ಗದ ರಸ್ತೆ ಯೋಗಾನರಸಿಂಹನ ದರ್ಶನಕ್ಕೆ ಹೋಗುವವರದ್ದು, ಕುರಿ ಕಾಯುವವರದ್ದು, ಶಾಲೆಗೆ ನಡೆಯುವ ಮಕ್ಕಳದ್ದು, ರಸ್ತೆ ದಾಟುವ ಕೋತಿಗಳದ್ದೂ ಹೌದು. ಅಲ್ಲಿ ಬರುವ ವೇಗದ ಚಟಕ್ಕೆ ಬೆಲೆ ತೆರುವವರು ಟರ್ಬೊ ಅನ್ನೋ ಪದವನ್ನೇ ಕೇಳಿರದವರು.

ಕೇಳಬೇಕಾದ್ದು ಮೂರು. 2019ರ ತಿದ್ದುಪಡಿ ಕೊಟ್ಟ ಅಧಿಕಾರ ಬಳಸಿ, ಯಾವ ಬದಲಾವಣೆ ಸರಿ, ಯಾವುದು ತಪ್ಪು ಅನ್ನೋದನ್ನು ಕೇಂದ್ರ ಸ್ಪಷ್ಟವಾಗಿ ಬರೆಯಲಿ, ಬ್ರೇಕ್ ತಪಾಸಣೆ ಇಲ್ಲದೆ ಶಕ್ತಿ ಹೆಚ್ಚಿಸುವ ಅವಕಾಶ ಬೇಡ. ಎರಡನೆಯದು, ವೇಗ ಅಳೆಯುವ ಕ್ಯಾಮೆರಾ ಹೈವೇಗೆ ಸೀಮಿತವಾಗದೆ ಭಾನುವಾರ ಬೆಳಗ್ಗೆ ಘಾಟಿ ರಸ್ತೆಗೂ ಬರಲಿ, ಅದಕ್ಕೆ ಬೈಕು, ಬೆಂಜ್ ಅನ್ನೋ ಭೇದ ಇರಲ್ಲ. ಮೂರನೆಯದು, ಸುರಕ್ಷಿತವಾಗಿ ಮುಚ್ಚಿದ ಜಾಗದಲ್ಲಿ ಓಡಿಸುವ ದಿನಗಳಿಗೆ ಖಾಸಗಿಯವರು ಅರ್ಜಿ ಹಾಕಿದರೆ ಅನುಮತಿಗೆ ನೇರವಾದ ದಾರಿ ಇರಲಿ. ಖರ್ಚು ಓಡಿಸುವವರದ್ದೇ ಆಗಲಿ.

ಅಲ್ಲಿವರೆಗೆ ನನ್ನಿಂದ ಆದದ್ದನ್ನು ಮಾಡಿದ್ದೇನೆ. ರೀಮ್ಯಾಪ್ ತೆಗೆಸಿ ಕಂಪನಿಯ ಕೋಷ್ಟಕವನ್ನೇ ವಾಪಸ್ ಹಾಕಿಸಿದೆ. ಹಳೆಯ ಸೈಲೆನ್ಸರ್ ಅಟ್ಟದ ಮೇಲಿತ್ತು, ಅದೂ ವಾಪಸ್ ಬಂತು. ಬ್ರೇಕ್ ಆಯಿಲ್ ಬದಲಾಯಿಸಿದ ದಿನಾಂಕವನ್ನು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಹೋದ ಭಾನುವಾರ ದುರ್ಗದಿಂದ ಇಳಿಯುವಾಗ ಅದೇ ತಿರುವಿನಲ್ಲಿ ಮತ್ತೆ ಮಂದೆ ಸಿಕ್ಕಿತು. ನಿಧಾನಕ್ಕೆ ಬಂದು ಸಾಕಷ್ಟು ದೂರದಲ್ಲೇ ನಿಂತೆ, ಕುರಿಗಳು ಪೂರ್ತಿ ದಾಟುವವರೆಗೆ ಕಾದೆ. ತಾತ ನನ್ನ ಗುರುತು ಹಿಡಿದರೋ ಇಲ್ಲವೋ. ಕೋಲೆತ್ತಿ, ಹೋಗು ಅಂತ ದಾರಿ ತೋರಿಸಿದರು.